ಹಿಮಬಂಡೆ ಕಳಚಿದರೆ ಹೆದರಬೇಕಾ? ಲಾರ್ಸೆನ್ ಕಥೆಯ ಹಿಂದುಮುಂದು

ವರ್ಷಕ್ಕೊಮ್ಮೆಯಾದರೂ ಈ ಸುದ್ದಿ ಬಂದೇ ಬರುತ್ತದೆ. ಅಂಟಾರ್ಕ್ಟಿಕಾದಿಂದ ದೈತ್ಯ ಹಿಮಬಂಡೆಯೊಂದು ಕಳಚಿಕೊಂಡಿದೆ, ಅದು ಇಂಥ ಊರಿನ ಇಷ್ಟು ಪಟ್ಟು ದೊಡ್ಡದು ಅಂತ. ಜೊತೆಗೊಂದು ಉಪಗ್ರಹದ ಚಿತ್ರ. ಆಮೇಲೆ ಶುರು ಜಗಳ. ಒಬ್ಬರು ಪ್ರಳಯವೇ ಬಂತು ಅನ್ನುತ್ತಾರೆ. ಇನ್ನೊಬ್ಬರು ಇದೆಲ್ಲ ಮೊದಲಿನಿಂದಲೂ ನಡೆಯುತ್ತಿರುವುದೇ, ಸುಮ್ನೆ ಹೆದರಿಸಬೇಡಿ ಅನ್ನುತ್ತಾರೆ. ತಮಾಷೆಯೆಂದರೆ ಇಬ್ಬರ ಮಾತಿನಲ್ಲೂ ಒಂದಿಷ್ಟು ನಿಜ ಇದೆ. ಯಾವ ಬಂಡೆ, ಎಲ್ಲಿಂದ ಕಳಚಿತು, ಅದರ ಹಿಂದೆ ಏನಿತ್ತು ಅನ್ನುವುದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಮೊದಲು ಸ್ವಲ್ಪ ಮೂಲಪಾಠ. ಅಂಟಾರ್ಕ್ಟಿಕಾದ ನೆಲದ ಮೇಲೆ ಬಿದ್ದ ಹಿಮ ವರ್ಷಾನುಗಟ್ಟಲೆ ಒತ್ತಿಕೊಂಡು ಗಟ್ಟಿ ಮಂಜುಗಡ್ಡೆಯಾಗುತ್ತದೆ. ತನ್ನದೇ ಭಾರಕ್ಕೆ ಅದು ಬಹಳ ನಿಧಾನವಾಗಿ ಸಮುದ್ರದ ಕಡೆ ಹರಿಯುತ್ತದೆ. ಇದೇ ಹಿಮನದಿ. ದಂಡೆ ದಾಟಿದ ಮೇಲೂ ಎಷ್ಟೋ ಕಡೆ ಅದು ತಕ್ಷಣ ಮುರಿಯುವುದಿಲ್ಲ. ನೂರಾರು ಮೀಟರ್ ದಪ್ಪಕ್ಕೆ ನೀರಿನ ಮೇಲೆ ತೇಲುತ್ತಾ ಮುಂದಕ್ಕೆ ಚಾಚುತ್ತದೆ. ಈ ತೇಲುವ ಭಾಗಕ್ಕೆ ಐಸ್ ಶೆಲ್ಫ್ ಅನ್ನುತ್ತಾರೆ. ಹಿಂದಿನಿಂದ ಮಂಜು ಬರುತ್ತಲೇ ಇರುತ್ತದೆ, ಅಂಚು ಬೆಳೆಯುತ್ತಲೇ ಇರುತ್ತದೆ. ಎಲ್ಲೋ ಬಿರುಕು ಬಿಟ್ಟು ಒಂದು ದಿನ ತುಂಡು ಕಳಚಿಕೊಳ್ಳುತ್ತದೆ. ದೊಡ್ಡ ಶೆಲ್ಫ್‌ಗಳಲ್ಲಿ ಹೀಗೆ ದೊಡ್ಡ ತುಂಡು ಬೀಳುವುದು ಹಲವು ದಶಕಗಳಿಗೊಮ್ಮೆ. ಆಮೇಲೆ ಆ ಜಾಗ ಮತ್ತೆ ತುಂಬಿಕೊಳ್ಳುತ್ತದೆ. ಇಷ್ಟೇ ಆದರೆ ಹೆದರುವಂಥದ್ದೇನೂ ಇಲ್ಲ.

ಎ-23ಎ ಎಂಬ ಬಂಡೆಯನ್ನೇ ನೋಡಿ. 1986ರಲ್ಲಿ ಫಿಲ್ಚ್ನರ್ ಐಸ್ ಶೆಲ್ಫ್‌ನ ಅಂಚು ಒಡೆದಾಗ ಅಲ್ಲಿದ್ದ ಸೋವಿಯತ್ ಬೇಸಿಗೆ ಶಿಬಿರ ದ್ರುಜ್ನಾಯಾ-1 ಕಟ್ಟಡ, ಸಾಮಾನು ಸಮೇತ ತೇಲಿಹೋಯಿತು. ಆಗ ಹುಟ್ಟಿದ ಎ-23ಎ ವೆಡ್ಡೆಲ್ ಸಮುದ್ರದ ತಳಕ್ಕೆ ತಾಗಿ 30 ವರ್ಷಕ್ಕೂ ಜಾಸ್ತಿ ಒಂದೇ ಕಡೆ ಕೂತಿತ್ತು. 2020ರ ಹೊತ್ತಿಗೆ ತಳ ಬಿಟ್ಟು ಕದಲಿತು. 2025ರ ಮಾರ್ಚ್‌ನಲ್ಲಿ ದಕ್ಷಿಣ ಜಾರ್ಜಿಯಾ ದ್ವೀಪದ ಹತ್ತಿರ ಮತ್ತೆ ನೆಲ ತಾಗಿ ನಿಂತಿತು. ಅಷ್ಟರಲ್ಲಿ ಅದು ಜಗತ್ತಿನ ಅತಿ ದೊಡ್ಡ ಹಿಮಬಂಡೆ ಅನ್ನಿಸಿಕೊಂಡು, ಭೂಮಿ ಬಿಸಿಯಾಗುತ್ತಿರುವುದಕ್ಕೆ ಸಾಕ್ಷಿಯಾಗಿ ಎಷ್ಟೋ ಕಡೆ ಮಿಂಚಿತು. ಅದು ಕಳಚಿಕೊಂಡು ಆಗಲೇ ಮೂರೂಮುಕ್ಕಾಲು ದಶಕ ಆಗಿತ್ತು ಅನ್ನುವುದು ಮಾತ್ರ ಮೂಲೆಗೆ ಸರಿಯಿತು.

ಅಂದಹಾಗೆ, ಭಾರತದ ಮೊದಲ ನೆಲೆ ದಕ್ಷಿಣ ಗಂಗೋತ್ರಿಯನ್ನು 1983-84ರಲ್ಲಿ ಕಟ್ಟಿದ್ದೂ ಐಸ್ ಶೆಲ್ಫ್ ಮೇಲೆಯೇ. ಅದು ತೇಲಿಹೋಗಲಿಲ್ಲ, ಹಿಮದಲ್ಲಿ ಹೂತುಹೋಯಿತು. ಮುಂದಿನ ನೆಲೆ ಮೈತ್ರಿಯನ್ನು ಕಟ್ಟುವಾಗ ಕಲ್ಲಿನ ನೆಲ ಹುಡುಕಿಕೊಂಡರು.

ಇನ್ನು ಗೊಂದಲದ ಬುಡಕ್ಕೆ ಬರೋಣ. ತೇಲುವ ಮಂಜು ಕರಗಿದರೆ ಸಮುದ್ರದ ಮಟ್ಟ ಏರುವುದಿಲ್ಲ ಅಂತ ಶಾಲೆಯಲ್ಲೇ ಹೇಳಿಕೊಟ್ಟಿರುತ್ತಾರೆ. ತೇಲುವಾಗಲೇ ಅದು ತನ್ನ ತೂಕದಷ್ಟು ನೀರನ್ನು ಪಕ್ಕಕ್ಕೆ ತಳ್ಳಿರುತ್ತದೆ. ಮಾತು ಸರಿ. ಐಸ್ ಶೆಲ್ಫ್ ಪೂರ್ತಿ ಹೋದರೂ ಅದರಿಂದಲೇ ಮಟ್ಟ ಏರುವುದು ತೀರಾ ಕಡಿಮೆ. ಪ್ರಶ್ನೆ ಅದರ ಹಿಂದೆ ನೆಲದ ಮೇಲೆ ಕೂತಿರುವ ಮಂಜಿನದು. ಶೆಲ್ಫ್ ಅಕ್ಕಪಕ್ಕದ ದಂಡೆಗೂ ತಳದ ದಿಬ್ಬಗಳಿಗೂ ಉಜ್ಜಿಕೊಂಡು ಹಿಂದಿನ ಹಿಮನದಿಯನ್ನು ತಡೆದು ಹಿಡಿದಿರುತ್ತದೆ. ಘಾಟಿಯಲ್ಲಿ ಕೆಟ್ಟು ನಿಂತ ಲಾರಿಯ ಚಕ್ರಕ್ಕೆ ಕೊಟ್ಟ ಕಲ್ಲಿದ್ದಂತೆ. ಕಲ್ಲು ತೆಗೆದರೆ ಲಾರಿ ಎಷ್ಟು ಜೋರಾಗಿ ಜಾರುತ್ತದೆ ಅನ್ನುವುದೇ ವಿಜ್ಞಾನಿಗಳ ಬಹುಕಾಲದ ವಾದ. ಏನೂ ಆಗುವುದಿಲ್ಲ ಅನ್ನುವವರೂ ಇದ್ದರು. ಇದನ್ನು ತೀರ್ಮಾನಿಸಿದ್ದು ಲಾರ್ಸೆನ್ ಎಂಬ ಐಸ್ ಶೆಲ್ಫ್.

1893ರಲ್ಲಿ ನಾರ್ವೆಯ ತಿಮಿಂಗಿಲ ಬೇಟೆಯ ಕ್ಯಾಪ್ಟನ್ ಕಾರ್ಲ್ ಆಂಟನ್ ಲಾರ್ಸೆನ್ ತನ್ನ ಜೇಸನ್ ಹಡಗಿನಲ್ಲಿ ಅಂಟಾರ್ಕ್ಟಿಕ್ ಪರ್ಯಾಯ ದ್ವೀಪದ ಪೂರ್ವ ಬದಿಗೆ ಹೋದ. ಅಲ್ಲಿನ ಮಂಜಿನ ಅಂಚಿನ ಉದ್ದಕ್ಕೂ ಸಾಗಿದ. ಆ ಶೆಲ್ಫ್‌ಗೆ ಅವನ ಹೆಸರೇ ನಿಂತಿತು. ಉತ್ತರದಿಂದ ದಕ್ಷಿಣಕ್ಕೆ ಅದನ್ನು ಎ, ಬಿ, ಸಿ ಅಂತ ವಿಂಗಡಿಸಿದರು. ಅಲ್ಲಿಂದ ಮುಂದೆ ಸುಮಾರು 80 ವರ್ಷ ಭೂಪಟ ಬರೆಯುವವರನ್ನು ಬಿಟ್ಟರೆ ಲಾರ್ಸೆನ್ ಬಗ್ಗೆ ತಲೆ ಕೆಡಿಸಿಕೊಂಡವರು ಕಡಿಮೆ.

1978ರಲ್ಲಿ ಅಮೆರಿಕದ ಓಹಾಯೋ ಸ್ಟೇಟ್ ಯೂನಿವರ್ಸಿಟಿಯ ಜಾನ್ ಮರ್ಸರ್ 'ನೇಚರ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಕಲ್ಲಿದ್ದಲು, ಎಣ್ಣೆ ಸುಡುವುದು ಹೀಗೇ ಮುಂದುವರಿದರೆ ಪಶ್ಚಿಮ ಅಂಟಾರ್ಕ್ಟಿಕಾದ ಮಂಜಿಗೆ ಕುತ್ತು ಅಂದರು. ಅಪಾಯ ಶುರುವಾಗಿದೆ ಎಂದು ತಿಳಿಯುವುದು ಹೇಗೆ ಅನ್ನುವುದನ್ನೂ ಹೇಳಿದರು. ಪರ್ಯಾಯ ದ್ವೀಪದ ಎರಡೂ ಬದಿಯ ಐಸ್ ಶೆಲ್ಫ್‌ಗಳು ಒಡೆಯತೊಡಗುತ್ತವೆ, ಉತ್ತರದ ತುದಿಯದು ಮೊದಲು, ಆಮೇಲೆ ಒಂದೊಂದಾಗಿ ದಕ್ಷಿಣದವು. ಇಷ್ಟು ಸ್ಪಷ್ಟವಾದ ಮುನ್ಸೂಚನೆ ವಿಜ್ಞಾನದಲ್ಲಿ ಅಪರೂಪ. ಅದನ್ನು ಓದಿದವರಲ್ಲಿ ಹೆಚ್ಚಿನವರಿಗೆ ಅದು ಅತಿರೇಕ ಅನ್ನಿಸಿತು. ಓದಿ ಪಕ್ಕಕ್ಕಿಟ್ಟರು.

ಪಶ್ಚಿಮ ಬದಿಯ ವರ್ಡಿ ಶೆಲ್ಫ್ 1980ರ ದಶಕದ ಕೊನೆಗೆ ಬಹುಪಾಲು ಚೂರಾಗಿತ್ತು. 1995ರ ಜನವರಿಯಲ್ಲಿ ಲಾರ್ಸೆನ್ ಎ ಬಿರುಗಾಳಿಯ ಹೊಡೆತಕ್ಕೆ ಕೆಲವೇ ದಿನಗಳಲ್ಲಿ ಪುಡಿಯಾಯಿತು. 1,500 ಚದರ ಕಿ.ಮೀ.ಗೂ ಜಾಸ್ತಿ ಜಾಗ. ಅದೇ ಹೊತ್ತಿಗೆ ಅದಕ್ಕಿಂತ ಉತ್ತರದ ಪ್ರಿನ್ಸ್ ಗುಸ್ತಾವ್ ಶೆಲ್ಫ್ ಕೂಡ ಹೋಯಿತು. ಈ ಭಾಗದಲ್ಲಿ ಐವತ್ತು ವರ್ಷಗಳಲ್ಲಿ ಸರಾಸರಿ ಉಷ್ಣತೆ ಸುಮಾರು 2.5 ಡಿಗ್ರಿ ಏರಿತ್ತು. 1996ರಲ್ಲಿ ಬ್ರಿಟನ್ನಿನ ಡೇವಿಡ್ ವಾನ್ ಮತ್ತು ಕ್ರಿಸ್ಟೋಫರ್ ಡೋಕ್ ಒಂದು ಗೆರೆ ಗುರುತಿಸಿದರು. ವರ್ಷದ ಸರಾಸರಿ ಉಷ್ಣತೆ ಸುಮಾರು ಮೈನಸ್ 5 ಡಿಗ್ರಿ ದಾಟಿದ ಕಡೆ ಐಸ್ ಶೆಲ್ಫ್ ಉಳಿಯುವುದಿಲ್ಲ ಅಂದರು. ಆ ಗೆರೆ ದಕ್ಷಿಣಕ್ಕೆ ಸರಿಯುತ್ತಿತ್ತು. ಅದರ ದಾರಿಯಲ್ಲಿ ಮುಂದಿನದು ಲಾರ್ಸೆನ್ ಬಿ.

2002ರ ಜನವರಿ 31. ನಾಸಾದ ಟೆರಾ ಉಪಗ್ರಹ ತೆಗೆದ ಚಿತ್ರದಲ್ಲಿ ಲಾರ್ಸೆನ್ ಬಿ ಇನ್ನೂ ಇಡಿಯಾಗಿದೆ. ಆದರೆ ಮೈತುಂಬ ನೀಲಿ ಗೀರು. ಅವೆಲ್ಲ ಕರಗಿದ ನೀರಿನ ಕೊಳಗಳು, ಒಂದರ ಪಕ್ಕ ಒಂದು, ಸಾವಿರಾರು. ಅಂಟಾರ್ಕ್ಟಿಕಾದ ಆ ಬೇಸಿಗೆ ವಿಪರೀತ ಬಿಸಿಯಾಗಿತ್ತು. ಮಾರ್ಚ್ ಮೊದಲ ವಾರದ ಚಿತ್ರದಲ್ಲಿ ಶೆಲ್ಫ್ ಇಲ್ಲ. ಆ ಜಾಗದಲ್ಲಿ ತಿಳಿನೀಲಿ ಬಣ್ಣದ ಪುಡಿಪುಡಿ ರಾಶಿ ಸಮುದ್ರದ ಕಡೆ ಹರಡಿಕೊಂಡಿದೆ. 35 ದಿನಗಳಲ್ಲಿ 3,250 ಚದರ ಕಿ.ಮೀ. ಮಾಯ. ಸುಮಾರು 220 ಮೀಟರ್ ದಪ್ಪದ ಮಂಜು ಅದು. ಲಾರ್ಸೆನ್ ಮೇಲೆ ವರ್ಷಗಳಿಂದ ಕಣ್ಣಿಟ್ಟಿದ್ದ ಅರ್ಜೆಂಟೀನಾದ ಪೆದ್ರೊ ಸ್ಕ್ವಾರ್ಕಾ, ಅಮೆರಿಕದ ಟೆಡ್ ಸ್ಕಾಂಬೋಸ್ ಅಂಥವರಿಗೆ ಇದು ಒಡೆಯುತ್ತದೆ ಅಂತ ಗೊತ್ತಿತ್ತು. ಇಷ್ಟು ಬೇಗ ಅಂತ ಯಾರೂ ಎಣಿಸಿರಲಿಲ್ಲ.

ಒಂದು ತಿಂಗಳಲ್ಲಿ ಅಷ್ಟು ಮಂಜು ಕರಗಲು ಸಾಧ್ಯವಿಲ್ಲ, ಅಲ್ವಾ? ಕರಗಿದ್ದು ಮೇಲಿನ ಚೂರು ಮಾತ್ರ. ಕೆಲಸ ಮಾಡಿದ್ದು ಆ ನೀರಿನ ಭಾರ. ಮೇಲ್ಪದರದ ಹಿಮದಲ್ಲಿ ಗಾಳಿಯ ಸಂದುಗಳಿರುತ್ತವೆ. ಮಾಮೂಲಿ ವರ್ಷದಲ್ಲಿ ಕರಗಿದ ನೀರು ಅಲ್ಲಿ ಇಂಗಿ ಮತ್ತೆ ಹೆಪ್ಪುಗಟ್ಟುತ್ತದೆ. ಬೇಸಿಗೆಯ ಮೇಲೆ ಬೇಸಿಗೆ ಹೀಗೇ ಆದರೆ ಸಂದುಗಳೆಲ್ಲ ತುಂಬಿಹೋಗುತ್ತವೆ. ಆಮೇಲೆ ನೀರು ಮೇಲೆಯೇ ನಿಲ್ಲುತ್ತದೆ, ಇರುವ ಬಿರುಕುಗಳಿಗೆ ಇಳಿಯುತ್ತದೆ. ನೀರು ಮಂಜಿಗಿಂತ ಭಾರ. ಒಣ ಬಿರುಕನ್ನು ಆಳದ ಒತ್ತಡ ಸ್ವಲ್ಪ ದೂರದಲ್ಲೇ ಅದುಮಿ ನಿಲ್ಲಿಸುತ್ತದೆ. ನೀರು ತುಂಬಿದ ಬಿರುಕು ನಿಲ್ಲುವುದಿಲ್ಲ, ತಳದವರೆಗೂ ಸೀಳುತ್ತದೆ. ಹೀಗೆ ಶೆಲ್ಫ್ ಒಳಗೊಳಗೇ ಹೋಳುಹೋಳಾಗಿತ್ತು. ಹೋಳುಗಳ ಅಗಲ ಕಡಿಮೆ, ಎತ್ತರ ಜಾಸ್ತಿ. ಅಂಥದ್ದು ನೀರಿನಲ್ಲಿ ನೆಟ್ಟಗೆ ನಿಲ್ಲುವುದಿಲ್ಲ, ಪಕ್ಕಕ್ಕೆ ಉರುಳುತ್ತದೆ. ಉರುಳುವಾಗ ಪಕ್ಕದ್ದನ್ನು ತಳ್ಳುತ್ತದೆ, ಅದು ಇನ್ನೊಂದನ್ನು. ಮಾರ್ಚ್ ಚಿತ್ರದ ಆ ತಿಳಿನೀಲಿ ಬಣ್ಣ ಮಗುಚಿಕೊಂಡ ಹೋಳುಗಳ ಹೊಟ್ಟೆಯದು. ಗಾಳಿಗುಳ್ಳೆ ಕಡಿಮೆಯಿರುವ ಹಳೆಯ ಗಟ್ಟಿ ಮಂಜು ನೀಲಿಯಾಗಿ ಕಾಣುತ್ತದೆ.

ಮೊದಲಿನಿಂದಲೂ ನಡೆಯುತ್ತಿರುವುದೇ ಅನ್ನುವವರ ವಾದವನ್ನೂ ಇಲ್ಲೇ ಪರೀಕ್ಷಿಸಬಹುದು. ಪ್ರಿನ್ಸ್ ಗುಸ್ತಾವ್ ಶೆಲ್ಫ್ ಕೆಲವು ಸಾವಿರ ವರ್ಷಗಳ ಹಿಂದೆಯೂ ಒಮ್ಮೆ ಇಲ್ಲವಾಗಿತ್ತು ಅನ್ನುವುದಕ್ಕೆ ಸಮುದ್ರತಳದ ಕೆಸರಿನಲ್ಲಿ ಸಾಕ್ಷಿ ಇದೆ. ಅಷ್ಟರ ಮಟ್ಟಿಗೆ ಅವರು ಸರಿ. ಆದರೆ ಲಾರ್ಸೆನ್ ಬಿ ಇದ್ದ ಜಾಗದ ಕೆಸರು ಬೇರೆ ಹೇಳಿತು. ಯೂಜೀನ್ ಡೊಮ್ಯಾಕ್ ತಂಡ 2005ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಅದು 10,000 ವರ್ಷಗಳಿಂದ ಅಲುಗದೆ ಇತ್ತು. ಹಿಂದಿನ ಬಿಸಿ ಕಾಲಗಳನ್ನು ತಾಳಿಕೊಂಡದ್ದು ಈ ಸಲ ತಾಳಲಿಲ್ಲ.

ಲಾರಿ ಮತ್ತು ಕಲ್ಲಿನ ವಾದಕ್ಕೂ ಉತ್ತರ ಸಿಕ್ಕಿತು. ಶೆಲ್ಫ್ ಹೋದ ಮೇಲೆ ಅದರ ಹಿಂದಿದ್ದ ಹೆಕ್ಟೋರಿಯಾ, ಗ್ರೀನ್, ಇವಾನ್ಸ್, ಕ್ರೇನ್ ಹಿಮನದಿಗಳ ವೇಗ ಒಂದೆರಡು ವರ್ಷದಲ್ಲೇ ಹಲವು ಪಟ್ಟಾಯಿತು. ಕೆಲವು ಕಡೆ ಎಂಟು ಪಟ್ಟು. ಪಕ್ಕದಲ್ಲೇ ಇದ್ದ ಫ್ಲಾಸ್ಕ್ ಮತ್ತು ಲೆಪ್ಪರ್ಡ್ ಹಿಮನದಿಗಳು ಆಗ ಕದಲಲಿಲ್ಲ. ಅವುಗಳ ಮುಂದೆ ಸ್ಕಾರ್ ಇನ್ಲೆಟ್ ಎಂಬ ಕಡೆ ಹಳೆಯ ಶೆಲ್ಫ್‌ನ ಒಂದು ತುಂಡು ಉಳಿದಿತ್ತು. ಅದೇ ಹವೆ, ಅದೇ ಸಮುದ್ರ. ವ್ಯತ್ಯಾಸ ಆ ತುಂಡು ಒಂದೇ. ಪ್ರಯೋಗಾಲಯದಲ್ಲಿ ಕೂತು ಮಾಡಿದ್ದರೂ ಇಷ್ಟು ಚೊಕ್ಕ ಪ್ರಯೋಗ ಆಗುತ್ತಿರಲಿಲ್ಲ. ಮರ್ಸರ್ 1987ರಲ್ಲೇ ತೀರಿಕೊಂಡಿದ್ದರು.

ಇದಾದ ಮೇಲೆ ಒಡೆದದ್ದೆಲ್ಲ ಲಾರ್ಸೆನ್ ಬಿ ಥರವೇ ಕಾಣತೊಡಗಿತು. 2017ರ ಜುಲೈನಲ್ಲಿ ಲಾರ್ಸೆನ್ ಸಿ ಯಿಂದ ಎ-68 ಕಳಚಿಕೊಂಡಿತು. 5,800 ಚದರ ಕಿ.ಮೀ., ನಮ್ಮ ಕೊಡಗು ಜಿಲ್ಲೆಗಿಂತ ದೊಡ್ಡದು. ತಿಂಗಳುಗಟ್ಟಲೆ ಬಿರುಕು ಬೆಳೆಯುವುದನ್ನು ಜಗತ್ತೇ ನೋಡುತ್ತಿತ್ತು. ಆದರೆ ಅದು ಕಳಚಿದ್ದು ಅಲ್ಲಿನ ಕಡುಚಳಿಗಾಲದಲ್ಲಿ, ಕೊಳವೂ ಇಲ್ಲ, ಕರಗಿದ ನೀರೂ ಇಲ್ಲ. ಬಿರುಕನ್ನು ಹಿಂಬಾಲಿಸಿದ್ದ ಬ್ರಿಟನ್ನಿನ ಸ್ವಾನ್ಸೀ ಯೂನಿವರ್ಸಿಟಿಯ ತಂಡವೇ, ಇದಕ್ಕೆ ಭೂಮಿ ಬಿಸಿಯಾಗುತ್ತಿರುವುದು ಕಾರಣ ಎನ್ನಲು ಆಧಾರ ಕಂಡಿಲ್ಲ ಅಂದಿತು. ಕಳಚಿದ ಭಾಗ ಹಿಂದಿನ ಮಂಜನ್ನು ಅಷ್ಟಾಗಿ ಹಿಡಿದಿರಲೂ ಇಲ್ಲ. ಎ-68 ತೇಲುತ್ತಾ ದಕ್ಷಿಣ ಜಾರ್ಜಿಯಾ ಹತ್ತಿರ ಹೋಗಿ ಒಡೆದು, 2021ರ ಏಪ್ರಿಲ್ ಹೊತ್ತಿಗೆ ಇಲ್ಲವಾಯಿತು. ಲಾರ್ಸೆನ್ ಸಿ ಇನ್ನೂ ನಿಂತಿದೆ. ಚಿತ್ರ ಚೆನ್ನಾಗಿ ಬಂದ ಬಂಡೆಗೆ ಸಿಕ್ಕ ಪ್ರಚಾರದ ಕಾಲುಭಾಗವೂ ಹಿಂದಿನ ಹಿಮನದಿಗಳಿಗೆ ಸಿಗಲಿಲ್ಲ ಅನ್ನುವುದು ನನ್ನ ಗೊಣಗಾಟ.

ಇದಕ್ಕೆ ಇನ್ನೆರಡು ಸಿಕ್ಕು ಸೇರಿಕೊಂಡವು. ಈ ಶತಮಾನದ ಮೊದಲ ಕೆಲವು ವರ್ಷ ಪರ್ಯಾಯ ದ್ವೀಪದಲ್ಲಿ ಬಿಸಿ ಏರುವುದು ನಿಂತಿತ್ತು. ನೋಡಿ, ಎಲ್ಲ ಸರಿಹೋಯಿತು ಅನ್ನಲು ಅಷ್ಟು ಸಾಕಾಯಿತು. ಇನ್ನೊಂದು, ಪಶ್ಚಿಮ ಅಂಟಾರ್ಕ್ಟಿಕಾದ ಥ್ವೇಟ್ಸ್, ಪೈನ್ ಐಲ್ಯಾಂಡ್ ಹಿಮನದಿಗಳದು ಬೇರೆಯದೇ ಕಾಯಿಲೆ. ಅಲ್ಲಿ ಮೇಲಿನ ಗಾಳಿಗಿಂತ ಕೆಳಗಿನ ನೀರು ಮುಖ್ಯ. ಆಳದ ಬೆಚ್ಚನೆಯ ಸಮುದ್ರದ ನೀರು ಶೆಲ್ಫ್‌ನ ಅಡಿಗೆ ನುಗ್ಗಿ ತಳದಿಂದ ಕರಗಿಸುತ್ತದೆ. ಥ್ವೇಟ್ಸ್ ಕೂತ ನೆಲ ಸಮುದ್ರಮಟ್ಟಕ್ಕಿಂತ ಕೆಳಗಿದೆ, ಒಳಕ್ಕೆ ಹೋದಷ್ಟೂ ಇನ್ನೂ ಇಳಿಜಾರು. ಹಾಗಾಗಿ ಅದು ಹಿಂದಕ್ಕೆ ಸರಿದಷ್ಟೂ ದಪ್ಪ ಮಂಜು ನೀರಿಗೆ ತೆರೆದುಕೊಳ್ಳುತ್ತದೆ. ಅದೊಂದೇ ಪೂರ್ತಿ ಹೋದರೆ ಸಮುದ್ರ ಸುಮಾರು 65 ಸೆಂ.ಮೀ. ಏರುತ್ತದೆ. ನಾಳೆಯೇ ಅಲ್ಲ, ನಾಡಿದ್ದೂ ಅಲ್ಲ. ಅದರ ಕಥೆ ಇನ್ನೊಂದು ಲೇಖನದಷ್ಟಿದೆ.

ಲಾರ್ಸೆನ್ ಬಿ ಕಥೆ 2002ಕ್ಕೆ ಮುಗಿಯಿತು ಅಂದುಕೊಂಡಿದ್ದರೆ, ಇಲ್ಲ. 2011ರಲ್ಲಿ ಆ ಕೊಲ್ಲಿಯಲ್ಲಿ ಹೆಪ್ಪುಗಟ್ಟಿದ ಸಮುದ್ರದ ನೀರು ಆಮೇಲೆ ವರ್ಷಗಟ್ಟಲೆ ಕರಗದೆ ನಿಂತು, ಹಿಮನದಿಗಳಿಗೆ ಒಂದಿಷ್ಟು ಆಸರೆ ಕೊಟ್ಟಿತ್ತು. 2022ರ ಜನವರಿಯಲ್ಲಿ ಅದು ಕೆಲವೇ ದಿನಗಳಲ್ಲಿ ಒಡೆಯಿತು. ಸ್ಕಾರ್ ಇನ್ಲೆಟ್‌ನ ಒಂದು ಭಾಗವೂ ಜೊತೆಗೆ ಹೋಯಿತು. ಮುಂದಿನ ಸುಮಾರು 15 ತಿಂಗಳಲ್ಲಿ ಹೆಕ್ಟೋರಿಯಾ 25 ಕಿ.ಮೀ.ನಷ್ಟು ಹಿಂದೆ ಸರಿಯಿತು. ಅದರಲ್ಲಿ 8 ಕಿ.ಮೀ. ಬರೀ ಎರಡು ತಿಂಗಳಲ್ಲಿ. 2025ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಹೊಸ ಕಾರಣ ಕೊಟ್ಟಿತು. ಹೆಕ್ಟೋರಿಯಾದ ತುದಿ ಸಮತಟ್ಟು ನೆಲದ ಮೇಲೆ ಹಗುರವಾಗಿ ಕೂತಿತ್ತು. ಮಂಜು ತೆಳುವಾಗುತ್ತಿದ್ದಂತೆ ದೊಡ್ಡ ಭಾಗ ಒಮ್ಮೆಗೇ ನೆಲ ಬಿಟ್ಟು ತೇಲಿ, ಒಡೆದು ಉರುಳಿತು, ನೆಲದ ಮೇಲಿನ ಮಂಜು ಇಷ್ಟು ಬೇಗ ಹಿಂದೆ ಸರಿದದ್ದು ದಾಖಲೆ ಅನ್ನುತ್ತದೆ ಅದು. ಎಲ್ಲರೂ ಒಪ್ಪಿಲ್ಲ. ಆ ಭಾಗ ಮೊದಲೇ ತೇಲುತ್ತಿತ್ತು, ಹಾಗಿದ್ದರೆ ಇದರಲ್ಲಿ ದಾಖಲೆ ಏನು ಬಂತು ಅಂತ ಕೇಳುವವರಿದ್ದಾರೆ.

ಹೊರಗಿನವರಿಗೆ ಇದು ಕೂದಲು ಸೀಳುವ ವಾದ ಅನ್ನಿಸಬಹುದು. ಆದರೆ ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ವಿಜ್ಞಾನಿಗಳ ಸಮಿತಿ ಐಪಿಸಿಸಿಯ 2021ರ ವರದಿ ನೋಡಿ. 2100ರ ಹೊತ್ತಿಗೆ ಸಮುದ್ರಮಟ್ಟದ ಏರಿಕೆ ಬಹುಶಃ 0.28ರಿಂದ 1.01 ಮೀಟರ್ ನಡುವೆ ಇರುತ್ತದೆ ಅನ್ನುತ್ತದೆ. ಜೊತೆಗೇ, ಹೊಗೆ ತೀರಾ ಜಾಸ್ತಿಯಾದರೆ 2 ಮೀಟರ್ ಹತ್ತಿರ ಹೋಗುವುದನ್ನೂ ತಳ್ಳಿಹಾಕಲಾಗದು ಅಂತ ಸೇರಿಸುತ್ತದೆ. ಒಂದಕ್ಕೂ ಎರಡಕ್ಕೂ ನಡುವಿನ ಆ ಮೀಟರ್‌ನಲ್ಲಿ ಬಹುಪಾಲು, ನೆಲದ ಮೇಲಿನ ಮಂಜು ಎಷ್ಟು ಬೇಗ ಒಡೆಯಬಲ್ಲದು ಅನ್ನುವ ಅನುಮಾನದ್ದೇ. ಅಂಟಾರ್ಕ್ಟಿಕಾ ಮಂಜು ಕಳೆದುಕೊಂಡಾಗ ಅದರ ಗುರುತ್ವದ ಸೆಳೆತ ತಗ್ಗುತ್ತದೆ. ಅದರಿಂದ ಅಲ್ಲಿ ಹತ್ತಿರದ ಸಮುದ್ರ ಇಳಿಯುತ್ತದೆ, ದೂರದ ಉತ್ತರಾರ್ಧದಲ್ಲಿ ಸರಾಸರಿಗಿಂತ ಜಾಸ್ತಿ ಏರುತ್ತದೆ. ಉತ್ತರಾರ್ಧ ಅಂದರೆ ನಾವೂ ಸೇರಿ. ಉಳ್ಳಾಲದ ಕಡಲ್ಕೊರೆತಕ್ಕೂ ಲಾರ್ಸೆನ್‌ಗೂ ಈಗಲೇ ಗಂಟು ಹಾಕುವುದು ತಪ್ಪು, ಅಲ್ಲಿ ಅಲೆ, ಮರಳು, ನದೀಮುಖದ ಕಾರಣಗಳು ಬೇರೆಯೇ ಇವೆ. ಆದರೆ ಅಲ್ಲಿ ಮುಂದಿನ ಐವತ್ತು ಅರವತ್ತು ವರ್ಷಕ್ಕೆ ತಡೆಗೋಡೆ ಕಟ್ಟಲು ಹೊರಟ ಎಂಜಿನಿಯರ್ ಯಾವ ಎತ್ತರ ಹಿಡಿಯಬೇಕು? ಅವರ ಕೈಗೆ ಸಿಗುವ ಅಂಕಿ ಸದ್ಯಕ್ಕೆ ಹೆಕ್ಟೋರಿಯಾ ಬಗ್ಗೆ ನಡೆಯುತ್ತಿರುವ ಇಂಥ ವಾದಗಳಷ್ಟೇ ಗಟ್ಟಿ.