ಪ್ಲಾನ್ ಕೈಗೆ ಬರುವ ಮುನ್ನ: ತುಮಕೂರಿನ ಮನೆ ಪರವಾನಗಿಯ ಹಿಂದಿನ ಆರು ದಶಕ

ತುಮಕೂರಿನಲ್ಲಿ ಮೂವತ್ತು–ನಲವತ್ತರ ಸೈಟು ಕೊಂಡು ಮನೆ ಕಟ್ಟಲು ಹೊರಟ ಕುಟುಂಬದ ಕೈಯಲ್ಲಿ ನೋಂದಣಿಯಾದ ಕ್ರಯಪತ್ರ ಇರುತ್ತದೆ, ಕಂದಾಯದ ರಸೀದಿ ಇರುತ್ತದೆ, ಎಂಜಿನಿಯರ್ ಬರೆದುಕೊಟ್ಟ ಪ್ಲಾನೂ ಇರುತ್ತದೆ. ಆದರೂ ಅರ್ಜಿ ಒಂದು ಪ್ರಶ್ನೆಗೆ ನಿಂತುಬಿಡುತ್ತದೆ: ಈ ಲೇಔಟ್‌ಗೆ ಟೂಡಾ (ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರ) ಅನುಮೋದನೆ ಆಗಿದೆಯಾ? ಜಮೀನು ಯಾರದು ಎಂಬುದಕ್ಕೆ ಕ್ರಯಪತ್ರದಲ್ಲಿ ಉತ್ತರವಿದೆ. ಅಲ್ಲಿ ಮನೆ ಏಳಬಹುದೇ ಎಂಬುದಕ್ಕೆ ಉತ್ತರ ಬೇರೆ ಕಚೇರಿಯಲ್ಲಿದೆ, ಬೇರೆ ಕಾನೂನಿನಲ್ಲಿದೆ. ಈ ಎರಡು ಉತ್ತರಗಳು ಒಂದಕ್ಕೊಂದು ಸಿಗದೆ ಹೋಗಿದ್ದು ಹೇಗೆ ಎಂದು ತಿಳಿಯಬೇಕಾದರೆ ಸುಮಾರು ಅರವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಹಳೇ ಮೈಸೂರು ಸಂಸ್ಥಾನಕ್ಕೆ ನಗರ ಯೋಜನೆ ಹೊಸದೇನಲ್ಲ. 1898ರ ಪ್ಲೇಗು ಬೆಂಗಳೂರಿನ ಪೇಟೆಯನ್ನು ಖಾಲಿ ಮಾಡಿಸಿದ ಮೇಲೆ ಮಲ್ಲೇಶ್ವರ, ಬಸವನಗುಡಿಗಳು ಅಗಲ ರಸ್ತೆ, ಗಾಳಿ ಬೆಳಕು ಲೆಕ್ಕ ಹಾಕಿ ಎದ್ದವು. ಮೈಸೂರಿಗೆ 1903ರಲ್ಲೇ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು, ಬೆಂಗಳೂರಿಗೆ 1945ರಲ್ಲಿ. ತುಮಕೂರಿನಂಥ ಜಿಲ್ಲಾ ಕೇಂದ್ರಗಳಲ್ಲಿ ಆಗ ಪುರಸಭೆಯೇ ಎಲ್ಲ. ಚರಂಡಿ ಬಿಟ್ಟಿದ್ದಾರಾ, ಗೋಡೆ ರಸ್ತೆಗೆ ಚಾಚಿದೆಯಾ ಎಂದು ನೋಡಿ ಪರವಾನಗಿ ಕೊಟ್ಟರೆ ಕೆಲಸ ಮುಗಿಯಿತು. ಊರು ಯಾವ ದಿಕ್ಕಿಗೆ ಬೆಳೆಯಬೇಕು ಎಂದು ಯೋಚಿಸುವ ಅಧಿಕಾರ ಅದಕ್ಕಿರಲಿಲ್ಲ.

ಆ ಅಧಿಕಾರ ಕೊಟ್ಟಿದ್ದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಜಾರಿಗೆ ಬಂದದ್ದು 1965ರ ಜನವರಿಯಲ್ಲಿ. ನಗರದ ಜೊತೆಗೆ ಸುತ್ತಲ ಹಳ್ಳಿಗಳನ್ನೂ ಸೇರಿಸಿ 'ಸ್ಥಳೀಯ ಯೋಜನಾ ಪ್ರದೇಶ' ಎಂದು ಘೋಷಿಸುವುದು, ಅದಕ್ಕೊಂದು ಯೋಜನಾ ಪ್ರಾಧಿಕಾರ ರಚಿಸುವುದು, ಆ ಪ್ರಾಧಿಕಾರ ಪ್ರತಿ ಸರ್ವೆ ನಂಬರಿಗೂ ಒಂದು ಬಣ್ಣ ಹಚ್ಚಿ ಮಹಾಯೋಜನೆ ತಯಾರಿಸುವುದು: ಇದು ಕಾಯ್ದೆಯ ತಿರುಳು. ಹಳದಿ ಇದ್ದರೆ ವಸತಿ, ನೀಲಿ ಇದ್ದರೆ ವಾಣಿಜ್ಯ, ನೇರಳೆ ಇದ್ದರೆ ಕೈಗಾರಿಕೆ, ಹಸಿರು ಇದ್ದರೆ ಉದ್ಯಾನ ಅಥವಾ ಕೃಷಿ. ಮಹಾಯೋಜನೆ ಮಂಜೂರಾದ ಮೇಲೆ ಅದಕ್ಕೆ ವಿರುದ್ಧವಾಗಿ ಯಾರೂ ಭೂಮಿ ಬಳಸುವಂತಿಲ್ಲ ಎನ್ನುತ್ತದೆ 14ನೇ ಸೆಕ್ಷನ್. ಕಟ್ಟುವ ಮುನ್ನ ಅನುಮತಿ ಬೇಕು ಎನ್ನುತ್ತದೆ 15. ಜಮೀನನ್ನು ಸೈಟುಗಳಾಗಿ ಒಡೆಯಲು ಅನುಮೋದನೆ ಬೇಕು ಎನ್ನುತ್ತದೆ 17. ಇವತ್ತು ಟೂಡಾದ ಕಡತಗಳಲ್ಲಿ ಓಡಾಡುವ ಬಹುತೇಕ ಪ್ರಕರಣಗಳು ಈ ಮೂರು ಸೆಕ್ಷನ್‌ಗಳ ಸುತ್ತಲಿನವೇ.

ತೊಡಕು ಹುಟ್ಟಿದ್ದು ಇದರ ಬೆನ್ನಿಗೇ ಬಂದ ಇನ್ನೊಂದು ಕಾನೂನಿನಿಂದ. 1964ರ ಭೂ ಕಂದಾಯ ಕಾಯ್ದೆಯ 95ನೇ ಸೆಕ್ಷನ್ ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಪರಿವರ್ತಿಸುವ ಅಧಿಕಾರವನ್ನು ಜಿಲ್ಲಾಧಿಕಾರಿಗೆ ಕೊಟ್ಟಿತು. ಜನರ ಬಾಯಲ್ಲಿ ಇದು 'ಡಿಸಿ ಕನ್ವರ್ಷನ್'. ನೆಲದ ಬಣ್ಣ ನಿರ್ಧರಿಸುವುದು ಪ್ರಾಧಿಕಾರ, ನೆಲದ ಜಾತಿ ಬದಲಿಸುವುದು ಕಂದಾಯ ಇಲಾಖೆ, ಗೋಡೆಗೆ ಪರವಾನಗಿ ಕೊಡುವುದು ಪಾಲಿಕೆ ಅಥವಾ ಪಂಚಾಯಿತಿ. ಮೂರೂ ಬೇರೆ ಬೇರೆ ಇಲಾಖೆಗಳ ಕೈಯಲ್ಲಿ ಉಳಿದವು. ಪರಿವರ್ತನೆ ಆದೇಶ ಕೈಗೆ ಬಂದರೆ ಎಲ್ಲ ಮುಗಿಯಿತು ಎಂದು ನಂಬಿ ದುಡ್ಡು ಹಾಕಿದವರು ನಮ್ಮ ಜಿಲ್ಲೆಯಲ್ಲಿ ಕಡಿಮೆ ಇಲ್ಲ. ಅದು ಮೊದಲ ಮೆಟ್ಟಿಲು ಎಂದು ಮಾರುವವರು ಅವರಿಗೆ ಹೇಳುವುದೇ ಇಲ್ಲ. ಈ ಮೋಸ ನನ್ನನ್ನು ಸಿಟ್ಟಿಗೇಳಿಸುತ್ತದೆ, ಏಕೆಂದರೆ ಕಳೆದುಕೊಳ್ಳುವವರು ಜೀವಮಾನದ ಉಳಿತಾಯ ಹಾಕಿದವರು.

1987ರಲ್ಲಿ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆ ಬಂದ ಮೇಲೆ ತುಮಕೂರು, ಕೋಲಾರದಂಥ ಊರುಗಳಿಗೆ ಎರಡು ಕೆಲಸ ಹೊತ್ತ ಒಂದು ಸಂಸ್ಥೆ ಸಿಕ್ಕಿತು. ಅದು ಯೋಜನಾ ಪ್ರಾಧಿಕಾರವೂ ಹೌದು, ತಾನೇ ಜಮೀನು ಸ್ವಾಧೀನ ಮಾಡಿ ಬಡಾವಣೆ ಕಟ್ಟಿ ಸೈಟು ಹಂಚುವ ಸಂಸ್ಥೆಯೂ ಹೌದು. ಅಧ್ಯಕ್ಷರನ್ನು ನೇಮಿಸುವುದು ರಾಜ್ಯ ಸರ್ಕಾರ. ಸರ್ಕಾರ ಬದಲಾದರೆ ಅಧ್ಯಕ್ಷರೂ ಬದಲಾಗುತ್ತಾರೆ. ಅಧಿಕಾರಿಗಳು, ಶಾಸಕರು, ನಗರ ಸಂಸ್ಥೆಯ ಪ್ರತಿನಿಧಿಗಳು, ನಾಮನಿರ್ದೇಶಿತರು ಸಭೆಯಲ್ಲಿ ಕೂರುತ್ತಾರೆ. 1992ರ 74ನೇ ಸಂವಿಧಾನ ತಿದ್ದುಪಡಿಯ ಹನ್ನೆರಡನೇ ಅನುಸೂಚಿಯಲ್ಲಿ ನಗರ ಯೋಜನೆಯೇ ಮೊದಲ ಬಾಬ್ತು. ಹಾಗಿದ್ದೂ ಅದು ಚುನಾಯಿತ ನಗರ ಸಂಸ್ಥೆಯ ಕೈಗೆ ಪೂರ್ತಿ ಬರಲೇ ಇಲ್ಲ. ನಮ್ಮ ವಾರ್ಡಿನ ಸದಸ್ಯರು ಬೀದಿದೀಪದ ಬಗ್ಗೆ ಉತ್ತರ ಹೇಳಬೇಕು, ಆ ಬೀದಿ ಹುಟ್ಟಿದ್ದು ಹೇಗೆ ಎಂಬುದರ ಬಗ್ಗೆ ಅವರನ್ನು ಕೇಳುವಂತಿಲ್ಲ.

ಊರು ಮಾತ್ರ ಯಾವ ಕಾಯ್ದೆಗೂ ಕಾಯಲಿಲ್ಲ. ಬೆಂಗಳೂರಿಗೆ ಎಪ್ಪತ್ತು ಕಿಲೋಮೀಟರ್, ಹೆದ್ದಾರಿ, ರೈಲು ಎರಡೂ ಇವೆ. ದಿನಾ ಹೋಗಿ ಬರುವ ನೌಕರರ ದೊಡ್ಡ ಗುಂಪೇ ಇದೆ. ಕ್ಯಾತ್ಸಂದ್ರ, ಬಟವಾಡಿ, ಮರಳೂರು, ಮೆಳೆಕೋಟೆ, ಶಿರಾ ಗೇಟ್, ಗುಬ್ಬಿ ಗೇಟ್ ಎಲ್ಲ ಕಡೆ ಹೊಲಗಳು ಸೈಟುಗಳಾದವು. ವಸಂತನರಸಾಪುರದಲ್ಲಿ ಕೈಗಾರಿಕಾ ಪ್ರದೇಶ ಬೆಳೆಯಿತು. ಪಕ್ಕದ ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. 2011ರ ಜನಗಣತಿಯಲ್ಲೇ ನಗರದ ಜನಸಂಖ್ಯೆ ಮೂರು ಲಕ್ಷ ದಾಟಿತ್ತು. ನಗರಸಭೆ ಮಹಾನಗರ ಪಾಲಿಕೆಯಾಯಿತು, ಅಂಚಿನ ಹಳ್ಳಿಗಳು ಒಳಗೆ ಬಂದವು. ಒಂದು ದಿನ ಪಂಚಾಯಿತಿಯ ಖಾತೆ ಹಿಡಿದಿದ್ದವರು ಮರುದಿನ ಪಾಲಿಕೆಯ ನಿಯಮಕ್ಕೆ ಉತ್ತರ ಕೊಡಬೇಕಾಯಿತು. 2020ರಲ್ಲಿ ಭೂ ಸುಧಾರಣೆ ಕಾಯ್ದೆಯ 79ಎ ಮತ್ತು 79ಬಿ ಸೆಕ್ಷನ್‌ಗಳನ್ನು ತೆಗೆದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದಾಯಿತು. ನಗರದಂಚಿನ ಎಕರೆಗಳ ಮೇಲಿನ ಒತ್ತಡ ಅದರಿಂದ ಇನ್ನಷ್ಟು ಏರಿತು.

ನಿಯಮದ ಪ್ರಕಾರ ಒಂದು ಲೇಔಟ್ ಹೇಗೆ ಹುಟ್ಟಬೇಕು? ಜಮೀನಿನ ಮಾಲೀಕರು ಪಹಣಿ, ಪರಿವರ್ತನೆ ಆದೇಶ, ಸರ್ವೆ ನಕ್ಷೆ ಸಮೇತ ಅರ್ಜಿ ಹಾಕುತ್ತಾರೆ. ಮಹಾಯೋಜನೆಯಲ್ಲಿ ಆ ಸರ್ವೆ ನಂಬರು ಯಾವ ಬಣ್ಣದಲ್ಲಿದೆ, ಪಕ್ಕದಲ್ಲಿ ಕೆರೆ ಇದೆಯೇ, ರಾಜಕಾಲುವೆ ಹಾದುಹೋಗುತ್ತದೆಯೇ, ಜಮೀನಿಗೆ ಬರುವ ರಸ್ತೆ ಎಷ್ಟು ಅಗಲ, ಪಕ್ಕದ ಬಡಾವಣೆಯ ರಸ್ತೆಗೆ ಇದು ಸೇರುತ್ತದೆಯೇ ಎಂದು ನಗರ ಯೋಜಕರು ನೋಡುತ್ತಾರೆ. ಸ್ಥಳಕ್ಕೆ ಹೋಗಿ ಬಂದು ವರದಿ ಬರೆಯುತ್ತಾರೆ. ಪ್ರಾಧಿಕಾರದ ಸಭೆಯಲ್ಲಿ ವಿಷಯ ಮಂಡನೆಯಾಗುತ್ತದೆ. ವಸತಿ ಲೇಔಟ್‌ನಲ್ಲಿ ಉದ್ಯಾನಕ್ಕೆ ಹತ್ತು ಶೇಕಡಾ, ನಾಗರಿಕ ಸೌಲಭ್ಯಕ್ಕೆ ಐದು ಶೇಕಡಾ ಜಾಗ ಬಿಡುವುದು ರಾಜ್ಯದಲ್ಲಿ ರೂಢಿ. ಶಾಲೆ, ಆಸ್ಪತ್ರೆ, ಅಂಚೆ ಕಚೇರಿಗೆ ಜಾಗ ಸಿಗಬೇಕಾದದ್ದು ಈ ಐದರಲ್ಲಿ. ರಸ್ತೆ ಮತ್ತು ಉದ್ಯಾನದ ಜಾಗವನ್ನು ಮಾಲೀಕರು ನೋಂದಾಯಿತ ಪತ್ರದ ಮೂಲಕ ಸರ್ಕಾರಿ ಸಂಸ್ಥೆಗೆ ಬಿಟ್ಟುಕೊಡಬೇಕು. ಅನುಮೋದನೆ ಸಿಕ್ಕ ತಕ್ಷಣ ಎಲ್ಲ ಸೈಟು ಮಾರುವಂತೆಯೂ ಇಲ್ಲ. ಮೊದಲು 40 ಶೇಕಡಾ ಬಿಡುಗಡೆ, ರಸ್ತೆ, ಚರಂಡಿ, ನೀರು, ವಿದ್ಯುತ್ ಕೆಲಸ ಸಾಗಿದಂತೆ 30, ಪೂರ್ತಿ ಮುಗಿದ ಮೇಲೆ ಉಳಿದ 30 ಎಂಬ ಪದ್ಧತಿ ತಂದದ್ದು ಕೊಂಡವರನ್ನು ಕಾಪಾಡಲಿಕ್ಕೆ. ಇಷ್ಟನ್ನು ಸರಿಯಾಗಿ ಮಾಡಿದ ಬಡಾವಣೆಯಲ್ಲಿ ಆಮೇಲಿನ ಮನೆ ಪರವಾನಗಿ ಹಗುರವಾದ ಕೆಲಸ.

ಆ ಹಗುರ ಕೆಲಸದಲ್ಲಿ ನೋಡುವುದು ಮುಖ್ಯವಾಗಿ ಅಳತೆಗಳನ್ನು: ನಾಲ್ಕೂ ಕಡೆ ಎಷ್ಟು ಸೆಟ್‌ಬ್ಯಾಕ್ (ಗೋಡೆಗೂ ಸೈಟಿನ ಗಡಿಗೂ ನಡುವೆ ಬಿಡುವ ಖಾಲಿ ಜಾಗ), ನೆಲದ ಎಷ್ಟು ಭಾಗ ಮುಚ್ಚುತ್ತದೆ, ಎತ್ತರ ಎಷ್ಟು, ಎಫ್‌ಎಆರ್ (ಸೈಟಿನ ಅಳತೆಗೆ ಒಟ್ಟು ಕಟ್ಟಡದ ಅಳತೆಯ ಅನುಪಾತ) ಎಷ್ಟು. ಎಫ್‌ಎಆರ್ 1.75 ಎಂದಿದ್ದರೆ 1200 ಚದರಡಿ ಸೈಟಿನಲ್ಲಿ ಎಲ್ಲ ಅಂತಸ್ತು ಸೇರಿ 2100 ಚದರಡಿ ಕಟ್ಟಬಹುದು, ಅಷ್ಟೇ ಲೆಕ್ಕ. ಪಾಲಿಕೆ ವ್ಯಾಪ್ತಿಯಲ್ಲಿ ಈ ಪರವಾನಗಿ ಪಾಲಿಕೆಯದು. ಯೋಜನಾ ಪ್ರದೇಶದೊಳಗಿನ ಹಳ್ಳಿಯಾದರೆ ಮಹಾಯೋಜನೆಯ ನಿಯಮವನ್ನೂ ಪಾಲಿಸಬೇಕು, ಪಂಚಾಯಿತಿಯ ಪರವಾನಗಿಯನ್ನೂ ಪಡೆಯಬೇಕು. ಸೆಟ್‌ಬ್ಯಾಕ್ ಬಿಡದೆ ಕಟ್ಟಿದ ಗಲ್ಲಿಗೆ ಅಗ್ನಿಶಾಮಕ ವಾಹನ ಬಂದರೆ ತಿರುಗಲು ಜಾಗವಿರುವುದಿಲ್ಲ. ಆದ್ದರಿಂದ ಈ ಮೂರಡಿ ನಾಲ್ಕಡಿಯ ಜಗಳವನ್ನು ಸಣ್ಣದೆಂದು ನಾನು ಭಾವಿಸುವುದಿಲ್ಲ.

ಲೇಔಟ್ ಹಂತವನ್ನೇ ಹಾರಿ ಬಂದ ಸೈಟುಗಳದ್ದೇ ಬೇರೆ ಕತೆ. ಇವೇ ರೆವಿನ್ಯೂ ಸೈಟುಗಳು. ಗುಂಟೆ ಲೆಕ್ಕದಲ್ಲಿ ಒಡೆದು, ಪಂಚಾಯಿತಿ ಖಾತೆ ಮಾಡಿಸಿ, ಕಡಿಮೆ ಬೆಲೆಗೆ ಮಾರಿದವು. ಸರ್ಕಾರ ಎರಡು ದಾರಿಯಲ್ಲಿ ಇದನ್ನು ಎದುರಿಸಿತು. ಒಂದು, ನೋಂದಣಿಯ ಬಾಗಿಲಲ್ಲೇ ತಡೆಯುವುದು. 2013ರಿಂದ ಗ್ರಾಮಾಂತರ ಆಸ್ತಿಗಳಿಗೆ ಇ-ಸ್ವತ್ತು ಎಂಬ ಗಣಕೀಕೃತ ಆಸ್ತಿ ದಾಖಲೆ ವ್ಯವಸ್ಥೆ, ಅದರ ನಮೂನೆ 9 ಮತ್ತು 11 ಬಂದವು. 2024ರಲ್ಲಿ ನಗರ ಆಸ್ತಿಗಳ ನೋಂದಣಿಗೂ ಇ-ಖಾತೆ ಕಡ್ಡಾಯವಾಯಿತು. ಇನ್ನೊಂದು, ಆದದ್ದನ್ನು ಸಕ್ರಮ ಮಾಡುವುದು. 2007ರಲ್ಲಿ ಯೋಜನಾ ಕಾಯ್ದೆಗೆ 76ಎಫ್‌ಎಫ್ ಸೆಕ್ಷನ್ ಸೇರಿಸಿದರು. ವಸತಿ ಕಟ್ಟಡದಲ್ಲಿ 50 ಶೇಕಡಾ, ವಸತಿಯೇತರದಲ್ಲಿ 25 ಶೇಕಡಾವರೆಗಿನ ಉಲ್ಲಂಘನೆಗೆ ದಂಡ ಕಟ್ಟಿಸಿಕೊಂಡು ಮಾನ್ಯ ಮಾಡುವ ನಿಯಮಗಳು 2014ರಲ್ಲಿ ಬಂದವು. ಹೈಕೋರ್ಟ್ 2016ರ ಡಿಸೆಂಬರ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಮರು ತಿಂಗಳೇ, 2017ರ ಜನವರಿಯಲ್ಲಿ, ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು.

ಅಕ್ರಮ–ಸಕ್ರಮ ತಂದ ಆ ತಿದ್ದುಪಡಿಯ ಜೊತೆಯಲ್ಲೇ, ಅಕ್ರಮ ಕಟ್ಟಡ ತಡೆಯಲು ತಪ್ಪಿದ ಅಧಿಕಾರಿಗೂ ಶಿಕ್ಷೆ ಎಂಬ ಕಲಮನ್ನು ಪಾಲಿಕೆಗಳ ಕಾಯ್ದೆಗೆ, 321ಬಿ ಎಂದು, ಸೇರಿಸಲಾಗಿತ್ತು. ಸಕ್ರಮದ ಬಗ್ಗೆ ಹತ್ತು ವರ್ಷ ಚರ್ಚೆಯಾಯಿತು, ಈ ಕಲಮಿನ ಬಗ್ಗೆ ಅದರ ಕಾಲು ಭಾಗವೂ ಆಗಲಿಲ್ಲ.

2025ರ ಫೆಬ್ರುವರಿಯಿಂದ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಅನಧಿಕೃತ ಬಡಾವಣೆಗಳ ಆಸ್ತಿಗೆ ಬಿ-ಖಾತೆ ಕೊಡುವ ಅಭಿಯಾನ ಶುರುವಾಯಿತು. ಆಸ್ತಿ ತೆರಿಗೆಯ ಜಾಲಕ್ಕೆ ಬಂತು, ಮಾಲೀಕರ ಹೆಸರಿಗೆ ದಾಖಲೆ ಸಿಕ್ಕಿತು. ಅನೇಕರಿಗೆ ಅದೇ ದೊಡ್ಡ ನೆಮ್ಮದಿ, ಅದನ್ನು ಅಲ್ಲಗಳೆಯುವ ಮನಸ್ಸು ನನಗಿಲ್ಲ. ಆದರೆ ಬಿ-ಖಾತೆ ಬಂದ ಮಾತ್ರಕ್ಕೆ ಲೇಔಟ್‌ನಲ್ಲಿ ಇಲ್ಲದ ಉದ್ಯಾನ ಹುಟ್ಟುವುದಿಲ್ಲ, ಹದಿನೈದಡಿ ರಸ್ತೆ ಮೂವತ್ತಡಿಯಾಗುವುದಿಲ್ಲ.

ಇಷ್ಟರಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ತೀರ್ಪು ಕೊಟ್ಟಿತ್ತು. ಮೇರಠ್‌ನ ಅಕ್ರಮ ಕಟ್ಟಡವೊಂದರ ಪ್ರಕರಣದಲ್ಲಿ, 2024ರ ಡಿಸೆಂಬರ್ 17ರಂದು, ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದಿವಾಲಾ ಮತ್ತು ಆರ್. ಮಹಾದೇವನ್ ಅವರ ಪೀಠ ಇಡೀ ದೇಶಕ್ಕೆ ನಿರ್ದೇಶನಗಳನ್ನು ನೀಡಿತು. ಕಟ್ಟುವ ಜಾಗದಲ್ಲಿ ಮಂಜೂರಾದ ಪ್ಲಾನ್ ಪ್ರದರ್ಶಿಸಬೇಕು, ಅಧಿಕಾರಿಗಳು ಆಗಾಗ ಪರಿಶೀಲಿಸಬೇಕು, ಸ್ವಾಧೀನಾನುಭವ ಪತ್ರ (ಕಟ್ಟಡ ಮಂಜೂರಾದ ಪ್ಲಾನಿನಂತೆ ಮುಗಿದಿದೆ, ವಾಸಕ್ಕೆ ಯೋಗ್ಯ ಎಂಬ ಪ್ರಮಾಣಪತ್ರ) ನೋಡಿದ ಮೇಲಷ್ಟೇ ವಿದ್ಯುತ್, ನೀರಿನ ಸಂಪರ್ಕ ಕೊಡಬೇಕು, ಬ್ಯಾಂಕುಗಳೂ ಸಾಲಕ್ಕೆ ಮುನ್ನ ಅದನ್ನು ನೋಡಬೇಕು. ಕರ್ನಾಟಕದಲ್ಲಿ ಇದರ ಬಿಸಿ ತಟ್ಟಿದ್ದು ಸಣ್ಣ ಮನೆಯವರಿಗೆ. ಗೃಹಪ್ರವೇಶದ ದಿನ ಹತ್ತಿರ ಬಂದರೂ ಮೀಟರ್ ಇಲ್ಲ. ಕೊನೆಗೆ 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ 1200 ಚದರಡಿವರೆಗಿನ ಸೈಟಿನ ಸಣ್ಣ ಮನೆಗಳಿಗೆ ಸ್ವಾಧೀನಾನುಭವ ಪತ್ರದಿಂದ ವಿನಾಯಿತಿ ಕೊಡಲು ತೀರ್ಮಾನಿಸಿತು.

ಈ ಆರು ದಶಕದಲ್ಲಿ ಮತ್ತೆ ಮತ್ತೆ ಆದದ್ದು ಒಂದೇ. ಲೇಔಟ್ ಮಾಡಿದವರನ್ನು ಹಿಡಿಯಬೇಕಾದ ಪರಿಶೀಲನೆ ತಡವಾಗಿ ಬಂದು ಸೈಟು ಕೊಂಡವರನ್ನು ಹಿಡಿಯಿತು. ಹೊಲವನ್ನು ಒಡೆದವರು ದುಡ್ಡು ಎಣಿಸಿಕೊಂಡು ಹೋದ ಮೇಲೆ ನೋಂದಣಿಯಲ್ಲಿ, ಖಾತೆಯಲ್ಲಿ, ಪ್ಲಾನಿನಲ್ಲಿ, ಮೀಟರಿನಲ್ಲಿ ಒಂದೊಂದು ತಡೆ ಎದ್ದಿತು. ಒಂದೊಂದು ತಡೆಗೂ ಒಂದೊಂದು ವಿನಾಯಿತಿ ಬಂತು.

ನಿಜವಾದ ತೀರ್ಮಾನ ಆಗುವ ಜಾಗ ಇದಕ್ಕಿಂತ ಬಹಳ ಹಿಂದಿದೆ. ಮಹಾಯೋಜನೆಯನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು ಎನ್ನುತ್ತದೆ ಕಾಯ್ದೆ. ತಾತ್ಕಾಲಿಕ ಮಂಜೂರಾತಿಯಾದ ಮೇಲೆ ಅದನ್ನು ಪ್ರಕಟಿಸಿ 60 ದಿನ ಸಾರ್ವಜನಿಕರ ಆಕ್ಷೇಪಣೆ, ಸಲಹೆ ಕೇಳಬೇಕು. ಯೋಜನೆಯ ನಡುವೆಯೇ ಯಾರಾದರೂ ಹಸಿರನ್ನು ಹಳದಿ ಮಾಡಿಸಿಕೊಳ್ಳಲು ಬಂದರೆ 14ಎ ಸೆಕ್ಷನ್ ಪ್ರಕಾರ ಬದಲಾವಣೆ ಸಾರ್ವಜನಿಕ ಹಿತಕ್ಕೆ ಇರಬೇಕು, ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ಆಕ್ಷೇಪಣೆಗೆ ಕನಿಷ್ಠ 15 ದಿನ ಬಿಡಬೇಕು. ಉದ್ಯಾನಕ್ಕೆಂದು ಗುರುತಿಸಿದ ಖಾಸಗಿ ಜಮೀನಿಗೂ ಗಡುವಿದೆ. ಐದು ವರ್ಷದೊಳಗೆ ಸ್ವಾಧೀನ ಪ್ರಕ್ರಿಯೆ ಆರಂಭವಾಗದಿದ್ದರೆ 69ನೇ ಸೆಕ್ಷನ್ ಪ್ರಕಾರ ಆ ಮೀಸಲು ರದ್ದಾಗುತ್ತದೆ. ನಕ್ಷೆಯಲ್ಲಿ ಹಸಿರು ಕಂಡು ಪಾರ್ಕು ಬರುತ್ತದೆ ಎಂದು ಕಾದವರಿಗೆ ಅದು ಕೈತಪ್ಪಿದ್ದು ತಿಳಿಯುವುದು ಅಲ್ಲಿ ಪಾಯ ತೋಡುವಾಗ.

ಕೆರೆಗಳ ವಿಷಯ ಇಲ್ಲಿ ಹೇಳಲೇಬೇಕು. ಅಮಾನಿಕೆರೆ, ಮರಳೂರು ಕೆರೆ, ಭೀಮಸಂದ್ರದ ಕೆರೆ ಇರುವ ಊರು ನಮ್ಮದು. ಹೇಮಾವತಿ ನೀರು ಬುಗುಡನಹಳ್ಳಿಗೆ ಬಂದರಷ್ಟೇ ನಲ್ಲಿಯಲ್ಲಿ ನೀರು ಕಾಣುವ ಊರೂ ಹೌದು. 2014ರ ಕೆರೆ ಸಂರಕ್ಷಣೆ ಕಾಯ್ದೆ ಬಂದಾಗ ಕೆರೆಯ ಗಡಿಯಿಂದ 30 ಮೀಟರ್‌ವರೆಗೆ ಮನೆ ಕಟ್ಟುವಂತಿಲ್ಲ ಎಂದಿತು. ಕೆರೆ ಅಂಚಿನ ಒಂದು ಸರ್ವೆ ನಂಬರಿನ ಬಣ್ಣ ಬದಲಾದರೆ ಮುಂದಿನ ಮಳೆಗಾಲದ ನೀರಿನ ದಾರಿಯೂ ಬದಲಾಗುತ್ತದೆ. ಆ ಬದಲಾವಣೆಯ ಪ್ರಕಟಣೆ ಒಳಪುಟದ ಮೂಲೆಯಲ್ಲಿ, ಬರೀ ಸರ್ವೆ ನಂಬರು, ಹೋಬಳಿ, ಎಕರೆ–ಗುಂಟೆ ಬರೆದು ಬರುತ್ತದೆ. ತನ್ನ ಬೀದಿಯ ಕೊನೆಯ ತೋಟವೇ ಅದು ಎಂದು ಓದಿದವರಿಗೂ ಗೊತ್ತಾಗುವುದಿಲ್ಲ.

ಇದನ್ನು ಸರಿಪಡಿಸಲು ಹೊಸ ಕಾಯ್ದೆ ಬೇಕಿಲ್ಲ. ಪ್ರಕಟಣೆಯ ಜೊತೆಗೆ ಬಣ್ಣದ ನಕ್ಷೆಯ ತುಣುಕನ್ನು ಆ ಜಮೀನಿನ ಬಳಿ, ಪಂಚಾಯಿತಿ ಕಟ್ಟೆಯ ಮೇಲೆ, ವಾರ್ಡ್ ಕಚೇರಿಯಲ್ಲಿ ಅಂಟಿಸಬಹುದು. ಅನುಮೋದಿತ ಲೇಔಟ್‌ಗಳ ಪಟ್ಟಿಯನ್ನು ಸರ್ವೆ ನಂಬರು ಮತ್ತು ಊರಿನ ಹೆಸರಿನ ಸಮೇತ ಉಪನೋಂದಣಿ ಕಚೇರಿಯ ಗೋಡೆಗೆ ಹಾಕಬಹುದು, ಕೊಳ್ಳುವವರು ಸಹಿ ಹಾಕುವ ಮುನ್ನ ಓದಿಕೊಳ್ಳಲಿ. ಮಹಾಯೋಜನೆಯ ಮುಂದಿನ ಪರಿಷ್ಕರಣೆ ಬಂದಾಗ ಆ 60 ದಿನಗಳಲ್ಲಿ ವಾರ್ಡಿಗೊಂದು ಸಭೆ ಕರೆದು ನಕ್ಷೆಯನ್ನು ಜನರ ಮುಂದೆ ಬಿಡಿಸಿಡುವಂತೆ ಪ್ರಾಧಿಕಾರವನ್ನು ಈಗಿನಿಂದಲೇ ಕೇಳಬೇಕು. ಆಕ್ಷೇಪಣೆ ಬರೆಯಲು ವಕೀಲರು ಬೇಕಿಲ್ಲ. ಸರ್ವೆ ನಂಬರು, ಕಾರಣ, ಸಹಿ ಇರುವ ಒಂದು ಪುಟ ಸಾಕು. ಕೊಟ್ಟವರು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳುವುದನ್ನು ಮರೆಯಬಾರದು.