ಸಮಾನ ದೈಹಿಕ ಮಾನದಂಡ: ಯಾವುದರ ಅಳತೆ?

ಪದಾತಿದಳಕ್ಕೆ ಮಹಿಳೆಯರು ಬೇಕೋ ಬೇಡವೋ ಎಂಬ ವಾದ ಶುರುವಾದರೆ ಸಾಕು, ‘ಸಮಾನ ದೈಹಿಕ ಮಾನದಂಡ’ ಎಂಬ ಮಾತು ಬಂದೇ ಬರುತ್ತದೆ. ಬೇಡ ಅನ್ನುವವರೂ ಅದನ್ನೇ ಹಿಡಿದುಕೊಳ್ಳುತ್ತಾರೆ, ಬೇಕು ಅನ್ನುವವರೂ ಅದನ್ನೇ. ಆಮೇಲೆ ಯಾರಾದರೊಬ್ಬರು ಪುಷ್‌ಅಪ್‌ಗಳ ಪಟ್ಟಿಯೊಂದನ್ನು ತಂದು, ‘ನೋಡಿ, ಹೆಂಗಸರಿಗೆ ಕಡಿಮೆ ಇಟ್ಟಿದ್ದಾರೆ, ಇದೇನಾ ಸಮಾನತೆ?’ ಎಂದು ಕೇಳುತ್ತಾರೆ. ಆ ಪಟ್ಟಿಗೂ ಈ ಪದಕ್ಕೂ ಸಂಬಂಧವೇ ಇಲ್ಲ. ಎಷ್ಟು ಸಲ ಹೇಳುವುದು?

ಮಾನ ಅಂದರೆ ಅಳತೆ, ದಂಡ ಅಂದರೆ ಕೋಲು. ಗೊಂದಲ ಇರುವುದು ಕೋಲಿನಲ್ಲಲ್ಲ, ಅದರಿಂದ ಏನನ್ನು ಅಳೆಯುತ್ತಿದ್ದೇವೆ ಎಂಬುದರಲ್ಲಿ. ಸೇನೆಗಳು ಎರಡು ಬೇರೆ ಬೇರೆ ಸಂಗತಿ ಅಳೆಯುತ್ತವೆ. ಒಂದು ಫಿಟ್‌ನೆಸ್. ಕಚೇರಿಯಲ್ಲಿ ಕಡತ ನೋಡುವವರಿಂದ ಹಿಡಿದು ಬಂದೂಕು ಹೊರುವವರ ತನಕ ಎಲ್ಲರೂ ಆಗಾಗ ಕೊಡಬೇಕಾದ ಪರೀಕ್ಷೆ ಅದು. ನಿಮ್ಮ ವಯಸ್ಸಿಗೆ, ನಿಮ್ಮ ದೇಹಕ್ಕೆ ನೀವು ಎಷ್ಟು ಗಟ್ಟಿಯಾಗಿದ್ದೀರಿ ಅಂತ ಮಾತ್ರ ಅದು ಹೇಳುತ್ತದೆ. ಇನ್ನೊಂದು ಕೆಲಸದ ಮಾನದಂಡ. ಈ ಹುದ್ದೆಯ ಕೆಲಸ ನಿಮ್ಮ ಕೈಲಿ ಆಗುತ್ತದೋ ಇಲ್ಲವೋ, ಅಷ್ಟೇ ಅದರ ಪ್ರಶ್ನೆ. ‘ಸಮಾನ’ ಎಂಬ ಮಾತು ಸೇರಬೇಕಾದ್ದು ಈ ಎರಡನೆಯದಕ್ಕೆ. ಅಮೆರಿಕದಲ್ಲಿ 1993ರಲ್ಲೇ ಕಾನೂನು ಹೀಗೆ ಹೇಳಿತ್ತು: ಒಂದು ಹುದ್ದೆ ಗಂಡಸರಿಗೂ ಹೆಂಗಸರಿಗೂ ತೆರೆದಿದ್ದರೆ ಆ ಕೆಲಸದ ಮಾನದಂಡ ಇಬ್ಬರಿಗೂ ಒಂದೇ ಇರಬೇಕು. ಅಲ್ಲಿ ಪದಾತಿದಳ ಮಹಿಳೆಯರಿಗೆ ತೆರೆಯುವ ನಿರ್ಧಾರವಾಗಿದ್ದು 2015ರ ಡಿಸೆಂಬರ್‌ನಲ್ಲಿ. ಅಂದರೆ ಬಾಗಿಲಿಗಿಂತ ನಿಯಮವೇ ಹಳೆಯದು.

ಕೆಲಸದ ಮಾನದಂಡ ಹೇಗಿರುತ್ತದೆ ನೋಡಬೇಕಿದ್ದರೆ ಬ್ರಿಟಿಷ್ ಸೇನೆಯ ಪದಾತಿದಳದ ಪರೀಕ್ಷೆ ನೋಡಿ. ಮೊದಲು 40 ಕಿಲೋ ಹೊತ್ತು 4 ಕಿಲೋಮೀಟರ್, 50 ನಿಮಿಷದೊಳಗೆ. ಆಮೇಲೆ ಭಾರ 25 ಕಿಲೋಗೆ ಇಳಿಸಿ ಇನ್ನೂ 2 ಕಿಲೋಮೀಟರ್, 15 ನಿಮಿಷದೊಳಗೆ. ಗಾಯಾಳುವಿನ ಬದಲು 110 ಕಿಲೋ ಚೀಲವನ್ನು ನೆಲದ ಮೇಲೆ ಎಳೆಯಬೇಕು. ಹೊರುವವರು ಗಂಡೋ ಹೆಣ್ಣೋ, ಇಪ್ಪತ್ತರವರೋ ನಲವತ್ತರವರೋ, ಚೀಲದ ತೂಕ ಅಷ್ಟೇ. ಅಮೆರಿಕದ ಸೇನೆಗೆ ಸೇರುವಾಗಲೂ ಹೀಗೇ. 2017ರಿಂದ ಹುದ್ದೆಯ ಭಾರಕ್ಕೆ ತಕ್ಕಂತೆ ಒಂದು ಪರೀಕ್ಷೆ ಇದೆ. ಪದಾತಿದಳದಂಥ ಭಾರಿ ಕೆಲಸಕ್ಕೆ ನಿಂತಲ್ಲಿಂದ 160 ಸೆಂಟಿಮೀಟರ್ ಜಿಗಿಯಬೇಕು, ನೆಲದಿಂದ 160 ಪೌಂಡ್ ಎತ್ತಬೇಕು, ಇನ್ನೂ ಎರಡು ಕಸರತ್ತು ಇವೆ. ಎಲ್ಲರಿಗೂ ಒಂದೇ ಅಂಕಿ.

ಪಟ್ಟಿ ಯಾವ ಜಾತಿಯದು ಅಂತ ಗುರುತಿಸಲು ಸುಲಭದ ದಾರಿ ಇದೆ. ಅದರಲ್ಲಿ ವಯಸ್ಸಿನ ಕಾಲಂ ಇದೆಯಾ ನೋಡಿ. ಇದ್ದರೆ ಅದು ಫಿಟ್‌ನೆಸ್ ಪಟ್ಟಿ. ಅಮೆರಿಕದ ಸೇನೆ 2022ರಲ್ಲಿ ತನ್ನ ಫಿಟ್‌ನೆಸ್ ಟೆಸ್ಟ್‌ನ ಅಂಕಗಳನ್ನು ವಯಸ್ಸು ಮತ್ತು ಲಿಂಗದ ಪ್ರಕಾರ ವಿಂಗಡಿಸಿತು. ಗದ್ದಲವಾಯಿತು. 2025ರ ಹೊಸ ಟೆಸ್ಟ್‌ನಲ್ಲಿ 21 ಯುದ್ಧ ಹುದ್ದೆಗಳಿಗೆ ಲಿಂಗದ ವ್ಯತ್ಯಾಸ ತೆಗೆದು, ಒಟ್ಟು 500ರಲ್ಲಿ 350 ಅಂಕ ಬೇಕೇ ಬೇಕು ಎಂದರು. ‘ಕೊನೆಗೂ ಒಂದೇ ಮಾನದಂಡ’ ಅಂತ ಚಪ್ಪಾಳೆ ಬಿತ್ತು. ಆದರೆ ವಯಸ್ಸಿನ ರಿಯಾಯಿತಿ ಹಾಗೇ ಉಳಿದಿದೆ! ನಲವತ್ತೈದರ ಗಂಡಸು ಇಪ್ಪತ್ತೆರಡರ ಹುಡುಗನಿಗಿಂತ ನಿಧಾನವಾಗಿ ಓಡಿ ಅಷ್ಟೇ ಅಂಕ ಪಡೆದರೆ ಯಾರೂ ‘ಎಲ್ಲಿದೆ ಸಮಾನತೆ’ ಅನ್ನುವುದಿಲ್ಲ, ಅಲ್ವಾ? ಶತ್ರುವಿನ ಗುಂಡು ಲಿಂಗ ನೋಡುವುದಿಲ್ಲ ಎಂದು ಭಾಷಣ ಮಾಡುವವರಿಗೆ ಅದು ಜನ್ಮದಿನಾಂಕವನ್ನೂ ನೋಡುವುದಿಲ್ಲ ಅನ್ನುವುದು ಯಾಕೋ ಹೊಳೆಯುವುದಿಲ್ಲ.

ಇನ್ನು, ಮಹಿಳೆಯರೆಲ್ಲ ರಿಯಾಯಿತಿ ಕೇಳುತ್ತಿದ್ದಾರೆ ಎಂಬ ಮಾತು. ಅಮೆರಿಕದ ಸೇನೆಯ ಮೊದಲ ಮಹಿಳಾ ಪದಾತಿದಳ ಅಧಿಕಾರಿ ಕ್ರಿಸ್ಟನ್ ಗ್ರೀಸ್ಟ್. 2015ರಲ್ಲಿ ರೇಂಜರ್ ಸ್ಕೂಲ್ ಎಂಬ ಅಲ್ಲಿನ ಸೇನೆಯ ಕಠಿಣ ತರಬೇತಿ ಮುಗಿಸಿದ ಮೊದಲ ಇಬ್ಬರು ಮಹಿಳೆಯರಲ್ಲಿ ಒಬ್ಬರು. ಲಿಂಗಕ್ಕೊಂದು ಅಂಕಪಟ್ಟಿ ಬೇಡ, ಅದರಿಂದ ಯುದ್ಧ ಹುದ್ದೆಗಳಲ್ಲಿರುವ ಮಹಿಳೆಯರ ಮೇಲಿನ ನಂಬಿಕೆಯೇ ಹೋಗುತ್ತದೆ ಎಂದು 2021ರಲ್ಲಿ ಬರೆದದ್ದು ಇವರೇ.

ಇಷ್ಟು ಹೇಳಿದ ಮೇಲೆ ಇನ್ನೊಂದು ಪಂಗಡದವರು ಖುಷಿಯಾಗುತ್ತಾರೆ. ‘ಹಾಗಾದರೆ ಒಂದೇ ಅಂಕಿ ಇಟ್ಟರೆ ಮುಗಿಯಿತು!’ ಮುಗಿಯುವುದಿಲ್ಲ. ಆ ಅಂಕಿ ಎಲ್ಲಿಂದ ಬಂತು ಅಂತ ಕೇಳಬೇಕು. ಇದಕ್ಕೆ ಒಳ್ಳೆಯ ಉದಾಹರಣೆ ಸೇನೆಯದ್ದಲ್ಲ, ಕೆನಡಾದ ಕಾಡ್ಗಿಚ್ಚಿನದ್ದು. ಟಾನಿ ಮಿಯೊರಿನ್ ಎಂಬಾಕೆ ಅಲ್ಲಿ ಕಾಡ್ಗಿಚ್ಚು ನಂದಿಸುವ ತಂಡದಲ್ಲಿದ್ದಳು, ಕೆಲಸದಲ್ಲಿ ಯಾವ ದೂರೂ ಇರಲಿಲ್ಲ. ಸರ್ಕಾರ ಹೊಸ ಪರೀಕ್ಷೆ ತಂದಿತು. 2.5 ಕಿಲೋಮೀಟರನ್ನು 11 ನಿಮಿಷದಲ್ಲಿ ಓಡಬೇಕು, ಗಂಡಸರಿಗೂ ಹೆಂಗಸರಿಗೂ ಒಂದೇ ಸಮಯ. ನಾಲ್ಕು ಸಲ ಓಡಿದರೂ ಅವಳ ಅತ್ಯುತ್ತಮ ಸಮಯ 11 ನಿಮಿಷ 49.4 ಸೆಕೆಂಡ್. ಕೆಲಸ ಹೋಯಿತು. ಅಲ್ಲಿನ ಸುಪ್ರೀಂ ಕೋರ್ಟ್ 1999ರಲ್ಲಿ ಅವಳ ಪರ ತೀರ್ಪು ಕೊಟ್ಟಿತು. ಹೆಂಗಸರಿಗೆ ಬೇರೆ ಸಮಯ ಇಡಬೇಕಿತ್ತು ಅಂತಲ್ಲ. ಬೆಂಕಿ ಆರಿಸಲು ಆ ಓಟದ ವೇಗ ಬೇಕೇ ಬೇಕು ಎಂದು ಸರ್ಕಾರ ತೋರಿಸಿಕೊಡಲಿಲ್ಲ ಅಂತ. ಅಲ್ಲಿ ಅಳೆದದ್ದು ಓಟವನ್ನು, ಬೆಂಕಿ ಆರಿಸುವ ಕೆಲಸವನ್ನಲ್ಲ.

ಹಾಗಂತ ಕೆಲಸಕ್ಕೆ ಸರಿಯಾಗಿ ಹೊಂದುವ ಮಾನದಂಡ ಇಟ್ಟರೆ ಇಬ್ಬರೂ ಸಮನಾಗಿ ಪಾಸಾಗುತ್ತಾರೆ ಅಂತೇನೂ ಇಲ್ಲ. ಪದಾತಿದಳದ ಕೆಲಸದಲ್ಲಿ ಭಾರ ಹೊರುವುದೇ ಜಾಸ್ತಿ. 40 ಕಿಲೋ ಹೊರೆ 80 ಕಿಲೋ ತೂಕದವರಿಗೆ ಅರ್ಧ ದೇಹದಷ್ಟು, 55 ಕಿಲೋದವರಿಗೆ ಮುಕ್ಕಾಲಿನ ಹತ್ತಿರ. ಕಡಿಮೆ ಮಹಿಳೆಯರು ಪಾಸಾಗುತ್ತಾರೆ, ಸಹಜ. ಪಾಸಾದವಳು ಪಾಸಾದಳು, ಉಳಿದ ಹೆಂಗಸರ ಸರಾಸರಿಯ ಲೆಕ್ಕ ಅವಳ ತಲೆಗೆ ಕಟ್ಟಬೇಕಾಗಿಲ್ಲ.

ತರಬೇತಿಯೂ ಒಂದೇ ಥರ ಇರಬೇಕು ಅಂತ ಕೆಲವರು ಈ ಪದವನ್ನು ಇನ್ನೂ ಎಳೆಯುತ್ತಾರೆ. ಅದು ಬೇರೆ ವಿಷಯ. ಬ್ರಿಟನ್ನಿನ ವಾಯುಪಡೆಯಲ್ಲಿ ಗಂಡಸರ 30 ಇಂಚಿನ ಹೆಜ್ಜೆಗೆ ಹೆಜ್ಜೆ ಹಾಕಲು ಹೋಗಿ ಸೊಂಟದ ಮೂಳೆ ಬಿರುಕು ಬಿಟ್ಟ ಮಹಿಳಾ ಶಿಬಿರಾರ್ಥಿಗಳಿಗೆ 2013ರಲ್ಲಿ ಪರಿಹಾರ ಕೊಡಬೇಕಾಯಿತು. ಹೆಜ್ಜೆ ಗಿಡ್ಡ ಮಾಡಿದರೆ ಮಾನದಂಡ ಇಳಿಯಲ್ಲ. ತರಬೇತಿಯ ಕೊನೆಯ ದಿನ ಹೊರಬೇಕಾದ ಚೀಲದ ತೂಕ ಅಷ್ಟೇ ಇರುತ್ತದೆ.