ಕೆಂಪು ಕಾರಿಗೆ ವಿಮೆ ಜಾಸ್ತಿನಾ? ಇನ್ನೊಂದು ಸಲ ಹೇಳುತ್ತೇನೆ

ಪ್ರಶ್ನೆ: ಒಂದು ಒಳ್ಳೆ ಸ್ಪೋರ್ಟ್ಸ್ ಕಾರು ತಗೊಳ್ಳಬೇಕು ಅಂತಿದ್ದೇನೆ. ಇಷ್ಟು ದುಬಾರಿ ಕಾರಿಗೆ ವಿಮೆ ಯಾಕೆ ಅಷ್ಟೊಂದು? ಕೆಂಪು ಬಣ್ಣದ್ದಾದರೆ ಪ್ರೀಮಿಯಂ ಇನ್ನೂ ಜಾಸ್ತಿ ಅಂತಾರೆ, ಹೌದಾ?

ಎರಡನೇ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಆದರೂ ತಿರುತಿರುಗಿ ಬರುತ್ತಲೇ ಇದೆ. ಹಾಗಾಗಿ ಮೊದಲು ಅದನ್ನೇ ಮುಗಿಸಿಬಿಡೋಣ. ಇಲ್ಲ, ಬಣ್ಣ ಕೆಂಪು ಅನ್ನೋ ಕಾರಣಕ್ಕೆ ಪ್ರೀಮಿಯಂ ಏರುವುದಿಲ್ಲ. ಬಿಳಿ ತಗೊಂಡರೆ ಇಳಿಯುವುದೂ ಇಲ್ಲ.

ವಿಮೆಯ ಅರ್ಜಿ ತುಂಬುವಾಗ ಏನೇನು ಕೇಳುತ್ತಾರೆ, ಸ್ವಲ್ಪ ನೆನಪಿಸಿಕೊಳ್ಳಿ. ಯಾವ ಮಾಡೆಲ್, ಯಾವ ಎಂಜಿನ್, ಯಾವ ವರ್ಷದ್ದು, ಯಾರು ಓಡಿಸುತ್ತಾರೆ, ರಾತ್ರಿ ಎಲ್ಲಿ ನಿಲ್ಲಿಸುತ್ತೀರಿ, ಹಿಂದೆ ಕ್ಲೇಮ್ ಮಾಡಿದ್ದೀರಾ. ಪ್ರೀಮಿಯಂ ಲೆಕ್ಕ ನಿಂತಿರುವುದು ಇಂಥ ವಿವರಗಳ ಮೇಲೆ. ನೋಂದಣಿ ಪತ್ರದಲ್ಲಿ ಬಣ್ಣ ಬರೆದಿರಬಹುದು. ಅದು ಕಾರನ್ನು ಗುರುತು ಹಿಡಿಯಲಿಕ್ಕೆ, ದರ ಕಟ್ಟಲಿಕ್ಕಲ್ಲ.

ಕಾರಿನ ಚಾಸಿಸ್ ನಂಬರ್ ನೋಡಿದರೂ ಇದೇ ಕಥೆ. ಈಗಿನ ಕಾರುಗಳಲ್ಲಿ ಅದು 17 ಅಕ್ಷರ, ಅಂಕಿಗಳ ಸಾಲು. ಮೊದಲ 3 ತಯಾರಿಸಿದವರು ಯಾರು ಎನ್ನುತ್ತವೆ. ಮುಂದಿನ 6 ಕಾರಿನ ಮಾದರಿಯನ್ನು ಹೇಳುತ್ತವೆ. ಕೊನೆಯ 8 ಆ ಒಂದೇ ಒಂದು ಕಾರಿನ ಗುರುತು. ಬಣ್ಣಕ್ಕೆ ಇದರಲ್ಲಿ ಜಾಗವೇ ಇಲ್ಲ. ಬಣ್ಣದ ಗುರುತು ಸಂಖ್ಯೆ, ಅಂದರೆ ಪೇಂಟ್ ಕೋಡ್, ಕಾರಿಗೆ ಅಂಟಿಸಿದ ಬೇರೆ ಚೀಟಿಯ ಮೇಲೆ ಇರುತ್ತದೆ. ಅದು ಬೇಕಾಗುವುದು ಪೇಂಟ್ ಹೊಡೆಯುವವರಿಗೆ.

"ಆದರೆ ನಮ್ಮ ಪರಿಚಯದವರ ಕೆಂಪು ಕಾರಿಗೆ ನಿಜವಾಗಲೂ ಜಾಸ್ತಿ ಕಟ್ಟಿದ್ದಾರೆ" ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಕಟ್ಟಿರಬಹುದು. ಅದೇ ಮಾಡೆಲ್, ಅದೇ ಎಂಜಿನ್ ಇರುವ ಬೂದು ಬಣ್ಣದ ಕಾರಿನ ದರ ಕೇಳಿ ಹೋಲಿಸಿದ್ದಾರಾ? ಅಲ್ಲೇ ಇರುವುದು ಎಡವಟ್ಟು. ಕೆಂಪಿಗೂ ಜೋರು ಕಾರಿಗೂ ನಂಟು ಬೆಳೆದದ್ದು ಹೀಗೆ. ಕಳೆದ ಶತಮಾನದ ಮೊದಲ ದಶಕಗಳಲ್ಲಿ ರೇಸ್‌ಗಳಲ್ಲಿ ದೇಶಕ್ಕೊಂದು ಬಣ್ಣ ಇತ್ತು. ಫ್ರಾನ್ಸಿಗೆ ನೀಲಿ, ಬ್ರಿಟನ್ನಿಗೆ ಹಸಿರು, ಇಟಲಿಗೆ ಕೆಂಪು. ಫೆರಾರಿ ಆ ಕೆಂಪನ್ನು ಬಿಡಲೇ ಇಲ್ಲ. ಹೀಗೆ ಜೋರು ಕಾರು ಅಂದರೆ ಕೆಂಪು ಕಾರು ಅಂತ ಜನರ ಮನಸ್ಸಿನಲ್ಲಿ ಕೂತುಬಿಟ್ಟಿತು. ಪ್ರೀಮಿಯಂ ಏರಿಸಿದ್ದು ಎಂಜಿನ್ನು ಮತ್ತು ಕಾರಿನ ಬೆಲೆ, ಹೆಸರು ಬಂದದ್ದು ಬಣ್ಣಕ್ಕೆ.

ಇನ್ನೊಂದು ವಾದವೂ ಇದೆ: ಕೆಂಪು ಕಾರನ್ನು ಪೊಲೀಸರು ಜಾಸ್ತಿ ಹಿಡಿಯುತ್ತಾರಂತೆ, ಅದಕ್ಕೇ ವಿಮೆ ಜಾಸ್ತಿಯಂತೆ. ವೇಗದ ದಂಡ ಬಿದ್ದರೆ ಅದು ಓಡಿಸಿದವರ ದಾಖಲೆಗೆ ಸೇರುತ್ತದೆ. ಅವರು ನಾಳೆ ಕಪ್ಪು ಕಾರು ತಗೊಂಡರೂ ಆ ದಾಖಲೆ ಅವರ ಹಿಂದೆಯೇ ಬರುತ್ತದೆ.

ಬಣ್ಣ ಯಾವುದು ಅನ್ನೋದು ಮುಖ್ಯವಲ್ಲ, ಪೇಂಟ್ ಎಂಥದ್ದು ಅನ್ನೋದು ಮುಖ್ಯವಾಗಬಹುದು. ಮ್ಯಾಟ್, ಅಂದರೆ ಹೊಳಪಿಲ್ಲದ, ಪೇಂಟಿನ ಮೇಲೆ ಗೀರು ಬಿದ್ದರೆ ಪಾಲಿಶ್ ಮಾಡಿ ತೆಗೆಯಲು ಆಗುವುದಿಲ್ಲ. ಹೊಳಪು ಬಂದು ಆ ಜಾಗ ಎದ್ದು ಕಾಣುತ್ತದೆ. ಸಾಮಾನ್ಯವಾಗಿ ಇಡೀ ಪ್ಯಾನೆಲ್‌ಗೆ ಮತ್ತೆ ಪೇಂಟ್ ಹೊಡೆಯಬೇಕು. ಕಾರ್ಖಾನೆಯಲ್ಲಿ ವಿಶೇಷ ಪೇಂಟ್ ಹಾಕಿಸಿದ್ದರೆ, ಆಮೇಲೆ ಕಾರಿಗೆ ಬಣ್ಣದ ಹಾಳೆ ಅಂಟಿಸಿ ರ‍್ಯಾಪ್ ಮಾಡಿಸಿದ್ದರೆ, ವಿಮೆಯವರಿಗೆ ಮೊದಲೇ ತಿಳಿಸಿ. ಮುಚ್ಚಿಟ್ಟರೆ ಕ್ಲೇಮ್ ಹೊತ್ತಿಗೆ ತಕರಾರು ಶುರುವಾಗುತ್ತದೆ.

ಈಗ ಮೊದಲ ಪ್ರಶ್ನೆ. ನಿಮ್ಮಿಂದ ಬೇರೆಯವರಿಗೆ ಆಗುವ ಹಾನಿಯ ವಿಮೆ ಬೇರೆ, ನಿಮ್ಮ ಕಾರಿಗೇ ಆಗುವ ಹಾನಿಯ ವಿಮೆ ಬೇರೆ. ದುಬಾರಿ ಕಾರಿನಲ್ಲಿ ಮುಖ್ಯವಾಗಿ ಜೇಬು ಸುಡುವುದು ಎರಡನೆಯದು. ಅಲ್ಲಿ ನೋಡುವುದು ಕೊಂಡ ಬೆಲೆಯನ್ನಷ್ಟೇ ಅಲ್ಲ, ರಿಪೇರಿ ಬೆಲೆಯನ್ನೂ. ಬಂಪರ್ ಸ್ವಲ್ಪ ತಾಗಿದರೂ ಒಳಗಿನ ರೇಡಾರ್, ಕ್ಯಾಮೆರಾ ಮತ್ತೆ ಹೊಂದಿಸಬೇಕಾಗಬಹುದು. ಕಾರ್ಬನ್ ಫೈಬರ್ ಚೌಕಟ್ಟನ್ನು ಬಡಿದು ನೇರ ಮಾಡಲು ಆಗುವುದಿಲ್ಲ. ಅದನ್ನು ಮುಟ್ಟಬಲ್ಲ ವರ್ಕ್‌ಶಾಪ್‌ಗಳೂ ಕಡಿಮೆ.

ನಟ ರೋವನ್ ಅಟ್ಕಿನ್ಸನ್ ಅವರ ಮೆಕ್ಲಾರೆನ್ ಎಫ್1 ಕಾರಿನ ಉದಾಹರಣೆ ನೋಡಿ. 2011ರಲ್ಲಿ ಇಂಗ್ಲೆಂಡಿನಲ್ಲಿ ಅದು ಮರಕ್ಕೆ ಗುದ್ದಿತು. ರಿಪೇರಿಗೆ ವಿಮೆ ಕಂಪನಿ ಕೊಟ್ಟದ್ದು 9 ಲಕ್ಷ ಪೌಂಡ್‌ಗೂ ಹೆಚ್ಚು. 1997ರಲ್ಲಿ ಅವರು ಕೊಂಡ ಬೆಲೆಗಿಂತ ಇದೇ ಜಾಸ್ತಿ! ಆದರೂ ರಿಪೇರಿ ಮಾಡಿಸಿದರು, ಯಾಕೆಂದರೆ ಇಂಥ ಕಾರುಗಳು ತಯಾರಾದದ್ದೇ 106. ಅಷ್ಟು ಹೊತ್ತಿಗೆ ಬೆಲೆ ಎಷ್ಟೋ ಪಟ್ಟು ಏರಿತ್ತು.

ಹಾಗಂತ ಬೆಲೆ ಜಾಸ್ತಿಯಾದಷ್ಟೂ ಪ್ರೀಮಿಯಂ ಅದೇ ಪ್ರಮಾಣದಲ್ಲಿ ಏರುತ್ತದೆ ಅಂತಲೂ ಅಲ್ಲ. ವಾರಕ್ಕೊಮ್ಮೆ ಹೊರಬರುವ ಅಪರೂಪದ ಕಾರು ಅಪಘಾತಕ್ಕೆ ಸಿಗುವ ಸಂದರ್ಭ ಕಡಿಮೆ. ಕದ್ದರೂ ಮಾರುವುದು ಕಷ್ಟ. ಅದಕ್ಕಿಂತ ಕಡಿಮೆ ಬೆಲೆಯ ರೇಂಜ್ ರೋವರ್‌ಗಳ ಕಳ್ಳತನ ಬ್ರಿಟನ್ನಿನಲ್ಲಿ ದೊಡ್ಡ ತಲೆನೋವಾಯಿತು. ಮಾಲೀಕರಿಗೆ ವಿಮೆ ಸಿಗುವುದೇ ಕಷ್ಟವಾಗಿ, 2023ರಲ್ಲಿ ಕಾರು ಕಂಪನಿಯೇ ವಿಮೆ ಕೊಡಲು ಮುಂದಾಯಿತು.

ನೀವು ಕೇಳದ, ಆದರೆ ಕೇಳಲೇಬೇಕಿದ್ದ ಪ್ರಶ್ನೆ ಒಂದಿದೆ: ಕಾರು ಪೂರ್ತಿ ಹಾಳಾದರೆ ಕೈಗೆ ಎಷ್ಟು ಬರುತ್ತದೆ? ಮಾರುಕಟ್ಟೆ ಬೆಲೆಯ ಪಾಲಿಸಿಯಾದರೆ, ಆ ದಿನ ಅಂಥ ಕಾರು ಎಷ್ಟಕ್ಕೆ ಸಿಗುತ್ತದೋ ಅಷ್ಟು. ಹೊಸ ಐಷಾರಾಮಿ ಕಾರಿನ ಬೆಲೆ ಮೊದಲ ಕೆಲವು ವರ್ಷ ಬೇಗ ಇಳಿಯುತ್ತದೆ, ಸಾಲ ಮಾತ್ರ ಅಷ್ಟು ಬೇಗ ಇಳಿಯುವುದಿಲ್ಲ. ಒಪ್ಪಿತ ಬೆಲೆಯ ಪಾಲಿಸಿಯಲ್ಲಿ ಮೊತ್ತವನ್ನು ಮಾಲೀಕರು, ವಿಮೆಯವರು ಇಬ್ಬರೂ ಸೇರಿ ಮೊದಲೇ ಬರೆದಿಡುತ್ತಾರೆ. ಬೆಲೆ ಏರುತ್ತಿರುವ ಅಪರೂಪದ ಕಾರಿಗೆ ಇದೇ ಸರಿ. ಆದರೆ ಹಳೆಯ ಮೊತ್ತವನ್ನೇ ವರ್ಷಗಟ್ಟಲೆ ಮುಂದುವರಿಸಬೇಡಿ, ನವೀಕರಿಸುವಾಗ ಹೊಸದಾಗಿ ಬೆಲೆ ಕಟ್ಟಿಸಿ. ರೇಸ್ ಟ್ರ್ಯಾಕಿಗೆ ಒಯ್ಯುವ ಆಸೆ ಇದ್ದರೆ ಅದನ್ನೂ ಈಗಲೇ ಕೇಳಿ. ಸಾಮಾನ್ಯ ಪಾಲಿಸಿಗಳು ಟ್ರ್ಯಾಕಿನಲ್ಲಿ ಆದ ಹಾನಿಯನ್ನು ಹೊರಗಿಡುವುದೇ ಹೆಚ್ಚು.